ಅಕ್ಕೋರ ಲಾಗಿನಲ್ಲಿ ನಾನು ತಿದ್ದಿದ್ದು

ಕಳೆದ ತಿಂಗಳು ಕುಮಟಾ ಬಸ್ ಸ್ಟ್ಯಾಂಡಿನ ಎದುರಿಗಿರುವ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವನು ನನ್ನ ಫೋನು ಬಿಚ್ಚಿ, ಬಿಸಿಯಾದ ಸಾಲ್ಡರಿಂಗ್ ಕಡ್ಡಿಯನ್ನು ರಾಳಕ್ಕೆ ತಾಗಿಸಿದ. ಸಣ್ಣಗೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆಮೇಲೆ ಬರುತ್ತೇನೆ ಎಂದು ಹೇಳಿ ಹೊರಗೆ ಬಂದುಬಿಟ್ಟೆ. ಅಕ್ಕೋರ ಮನೆಯ ಮುಂದಿನ ಕೋಣೆ ಯಾವಾಗಲೂ ಹೀಗೇ ನಾರುತ್ತಿತ್ತು.

ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಇವರು ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು, ನಮ್ಮ ಮನೆಯಿಂದ ಎರಡು ಮನೆ ಆಚೆ ಒಬ್ಬರೇ ಇದ್ದರು. ಸರಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು, ಮನೆಯಲ್ಲೇ ಕೂತು ದೇಶವಿದೇಶದವರ ಜೊತೆ ರೇಡಿಯೋದಲ್ಲಿ ಮಾತಾಡುವವರು. ಹಿತ್ತಿಲಿನ ಎರಡು ತೆಂಗಿನ ಮರಗಳ ನಡುವೆ ಅದರ ಆಂಟೆನಾ ತಂತಿ ಕಟ್ಟಿಸಿದ್ದರು. ಮೀನು ತರುವ ಹೆಂಗಸು ಬಾಗಿಲಲ್ಲಿ ಬುಟ್ಟಿ ಇಳಿಸಿ ಮೇಲೆ ನೋಡಿ, “ಅಕ್ಕೋರೇ, ಸೀರೆ ಒಣಗಿಸೂಕೆ ಅಷ್ಟೆತ್ತರ ತಂತಿ ಎಂತಕ್ರಾ?” ಎಂದು ಪ್ರತಿ ಸಲವೂ ಕೇಳುತ್ತಿದ್ದಳು. “ನನ್ನ ಸೀರೆ ಜಪಾನಿನವ್ರಿಗೆ ಕಾಣ್ಲಿ ಅಂತ” ಎಂದು ಅಕ್ಕೋರು ಪ್ರತಿ ಸಲವೂ ಹೇಳುತ್ತಿದ್ದರು.

ವರ್ಷಕ್ಕೊಮ್ಮೆ ಅವರು ಒಂದು ಅಂತರರಾಷ್ಟ್ರೀಯ ಸ್ಪರ್ಧೆಗೆ ಕೂರುತ್ತಿದ್ದರು. ಎರಡು ದಿನಗಳಲ್ಲಿ ಜಗತ್ತಿನ ಎಷ್ಟು ನಿಲ್ದಾಣಗಳ ಜೊತೆ ಮಾತಾಡಲು ಸಾಧ್ಯವೋ ಅಷ್ಟು ಮಾತಾಡಬೇಕು. ಪ್ರತಿಯೊಬ್ಬರ ಗುರುತು, ಅಂದರೆ ಅಕ್ಷರ ಮತ್ತು ಅಂಕೆ ಸೇರಿದ ಕಾಲ್‌ಸೈನನ್ನು ಲಾಗು ಎಂಬ ದಾಖಲೆಯಲ್ಲಿ ಬರೆದುಕೊಳ್ಳಬೇಕು. ಅವರದು ಒಂಟಿ ವಿಭಾಗ. ಕೇಳುವುದು, ಮಾತಾಡುವುದು, ಬರೆಯುವುದು ಎಲ್ಲ ಒಬ್ಬರೇ. ಆಗ ಓದುತ್ತಿದ್ದ ಧಾರವಾಡದಿಂದ ರಜೆಗೆ ಬಂದಾಗ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಕೂರಬಹುದಿತ್ತು, ಬಾಯಿ ತೆರೆಯುವಂತಿರಲಿಲ್ಲ. ಒಮ್ಮೆ ಯಾವುದೋ ದ್ವೀಪದ ದನಿ ಗುರುತಿಸಿ ಉತ್ಸಾಹದಲ್ಲಿ ಹೆಸರು ಹೇಳಿಬಿಟ್ಟಿದ್ದೆ. ಅಕ್ಕೋರು ಆ ನಿಲ್ದಾಣವನ್ನು ಬರೆಯದೇ ಬಿಟ್ಟರು.

“ಕೇಳಿದ್ದು ಬರಿ, ಬರ್ದದ್ದು ಕಳ್ಸು. ಮುಗೀತು” ಎನ್ನುತ್ತಿದ್ದರು. ಸ್ಪರ್ಧೆ ಮುಗಿದ ಮೇಲೆ ಲಾಗಿನಲ್ಲಿ ಒಂದು ಅಕ್ಷರವನ್ನೂ ಮುಟ್ಟುತ್ತಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿ ಸರಿಮಾಡುವುದು ನಿಯಮಕ್ಕೆ ವಿರುದ್ಧ. ಸಂಘಟಕರು ಎಲ್ಲರ ಲಾಗುಗಳನ್ನೂ ಒಂದಕ್ಕೊಂದು ತಾಳೆ ನೋಡಿ, ಯಾರು ಎಲ್ಲಿ ತಪ್ಪು ಕೇಳಿದರು ಎಂದು ಸಾಲುಸಾಲಾಗಿ ಒಂದು ವರದಿ ಕಳಿಸುತ್ತಿದ್ದರು. ಅಂಕಗಳಿಗಿಂತ ಆ ವರದಿಯನ್ನೇ ಅವರು ಹೆಚ್ಚು ಕಾಯುತ್ತಿದ್ದರು.

ಅದಕ್ಕೆ ಕಾರಣವಿತ್ತು. ಬಾಲ್ಯದ ಜ್ವರದಲ್ಲಿ ಅವರ ಬಲಗಿವಿ ಹೋಗಿತ್ತು. ಉಳಿದದ್ದು ಎಡಗಿವಿ ಒಂದೇ. ನಾನು ಹೇಳಹೊರಟ ವರ್ಷ ಅದೂ ಮಂಕಾಗುತ್ತಿತ್ತು. “ಸದ್ದು ಬತ್ತದೆ ತಂಗಿ, ಅಕ್ಷರ ಬರೂದಿಲ್ಲ” ಎಂದಿದ್ದರು. ಕುಮಟಾದ ವೈದ್ಯರು ಮಂಗಳೂರಿಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿಕೊಳ್ಳಿ, ತಡ ಮಾಡಬೇಡಿ ಎಂದು ಚೀಟಿ ಬರೆದುಕೊಟ್ಟಿದ್ದರು. ಅಕ್ಕೋರು ಆ ಚೀಟಿಯನ್ನು ಮಡಚಿ ರೇಡಿಯೋದ ಕೆಳಗೆ ಇಟ್ಟರು.

“ಈ ಸಲದ ವರದಿ ಬರ್ಲಿ. ತಪ್ಪು ಜಾಸ್ತಿ ಇದ್ರೆ ಮಂಗಳೂರಿಗೂ ಹೋಗ್ವ, ತಂತಿನೂ ಇಳಿಸ್ವ. ಇಲ್ದಿದ್ರೆ ಇದು ಬರೀ ವಯಸ್ಸು.”

ಹೆದರಿಕೆ ಇತ್ತು ಅವರಿಗೆ. ನನಗೆ ಈಗ ಗೊತ್ತಾಗುತ್ತದೆ.

ಸ್ಪರ್ಧೆ ಬೆಳಗಿನ ಐದೂವರೆಗೆ ಶುರುವಾಯಿತು. ಅವರು ಹೆಡ್‌ಫೋನು ಬಿಟ್ಟು ಸ್ಪೀಕರಿನ ದನಿಯನ್ನು ಪೂರ್ತಿ ಏರಿಸಿದ್ದರು, ಹಾಗಾಗಿ ಎಲ್ಲವೂ ನನಗೂ ಕೇಳುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ನನಗೆ ಅರ್ಥವಾಗಿತ್ತು. ಇಂಗ್ಲಿಷಿನ ಫೈವ್ ಮತ್ತು ನೈನ್ ಅವರ ಕಿವಿಗೆ ಒಂದೇ ಆಗಿದ್ದವು. ಆ ಕಡೆಯವನು ಮೂರು ಸಲ, ನಾಲ್ಕು ಸಲ ಹೇಳುತ್ತಿದ್ದ. ಇವರು ಕಣ್ಣು ಮುಚ್ಚಿ, ಎಡಗಿವಿಯನ್ನು ಸ್ಪೀಕರಿಗೆ ಒತ್ತಿ, ಕೊನೆಗೆ ಏನೋ ಒಂದು ಬರೆಯುತ್ತಿದ್ದರು. ತಪ್ಪು ಬರೆಯುತ್ತಿದ್ದರು. ನಾನು ಕೈ ಮಡಚಿ ಕೂತಿದ್ದೆ… ಎರಡು ದಿನ ಹಾಗೇ ಕೂತಿದ್ದೆ.

ಸೋಮವಾರ ಅವರು ಪೆನ್ಸಿಲಿನಲ್ಲಿ ಬರೆದ ಹಾಳೆಗಳನ್ನು ನನಗೆ ಕೊಟ್ಟರು. ಕಂಪ್ಯೂಟರಿನಲ್ಲಿ ಟೈಪು ಮಾಡಿ ಕಳಿಸುವುದು ನನ್ನ ಕೆಲಸ. ಇದ್ದದ್ದನ್ನು ಇದ್ದ ಹಾಗೆ ಟೈಪು ಮಾಡುವುದಕ್ಕೆ ನಿಯಮದ ಅಡ್ಡಿಯಿಲ್ಲ.

ಮನೆಗೆ ಬಂದು ಶುರುಮಾಡಿದೆ. ಮೊದಲ ಪುಟದಲ್ಲೇ ಆರು ತಪ್ಪು. ಈ ವರದಿ ಬಂದ ದಿನ ಅವರು ಮರ ಹತ್ತುವವನನ್ನು ಕರೆಸಿ ತಂತಿ ಇಳಿಸುತ್ತಾರೆ, ಆಮೇಲೆ ಆ ಕೋಣೆಯಲ್ಲಿ ಏನು ಮಾಡಿಕೊಂಡು ಕೂರುತ್ತಾರೆ ಎಂದು ಯೋಚಿಸಿದೆ. ಯೋಚಿಸಿದ್ದು ತಂತಿಯ ಬಗ್ಗೆ ಮಾತ್ರ. ರೇಡಿಯೋದ ಕೆಳಗಿದ್ದ ಚೀಟಿ ನೆನಪಾಗಲಿಲ್ಲ ಎಂದರೆ ಸುಳ್ಳು. ಸ್ಕ್ಯಾನಿಗೆ ಅವರನ್ನು ಹೇಗಾದರೂ ಒಪ್ಪಿಸಿದರಾಯಿತು ಎಂದುಕೊಂಡೆ. ನಾನು ಕೇಳಿ ನೆನಪಿಟ್ಟಿದ್ದನ್ನು ಹಾಕಿದೆ, ನೆನಪಿಲ್ಲದ್ದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಒಟ್ಟು ನಲವತ್ತೊಂದು ಕಡೆ ತಿದ್ದಿದೆ. ಸಂಶಯ ಬರಬಾರದೆಂದು ಎರಡು ತಪ್ಪುಗಳನ್ನು ಹಾಗೇ ಬಿಟ್ಟೆ. ಅಷ್ಟು ಲೆಕ್ಕಾಚಾರ ನನಗೆ ಇತ್ತು.

ಕೆಲವು ತಿಂಗಳ ನಂತರ, ನಾನು ಮತ್ತೆ ಊರಲ್ಲಿದ್ದಾಗ, ವರದಿ ಬಂತು. ಎರಡೇ ತಪ್ಪು. ಅಕ್ಕೋರು ಅದರ ಪ್ರಿಂಟು ತೆಗೆಸಿಕೊಂಡು, ಪೇಟೆಯಿಂದ ಜಿಲೇಬಿ ತಂದು ನಮ್ಮ ಮನೆಗೂ ಕೊಟ್ಟರು. “ಎಂತ ಹೇಳ್ತೆ ಈಗ? ನನ್ನ ಕಿವಿ ಪಾಸು! ಡಾಕ್ಟ್ರಿಗೇ ಒಂದು ಪರೀಕ್ಷೆ ಇಡ್ಬೇಕು” ಎಂದು ನಕ್ಕರು. ಆದರೂ ಒಂದು ಸಲ ತೋರಿಸಿ ಬನ್ನಿ ಅಕ್ಕೋರೇ ಎಂದೆ. ಒಂದು ಸಲವಲ್ಲ, ಮೂರು ಸಲ ಹೇಳಿದೆ. “ಆತು ಮಾರಾಯ್ತಿ, ನೋಡ್ವ” ಎಂದರು, ಹೋಗಲಿಲ್ಲ. ಹೋಗುವುದಕ್ಕೆ ಅವರಲ್ಲಿ ಕಾರಣ ಉಳಿದಿರಲಿಲ್ಲ. ಕಾರಣವನ್ನು ನಾನು ತಿದ್ದಿಬಿಟ್ಟಿದ್ದೆ.

ಮುಂದಿನ ವರ್ಷ ಮೀನು ಮಾರ್ಕೆಟ್ಟಿನಲ್ಲಿ ತಲೆ ತಿರುಗಿ ಬಿದ್ದರು. ಮಂಗಳೂರಿಗೆ ಕರೆದುಕೊಂಡು ಹೋದವರು ಅಮ್ಮ ಮತ್ತು ನಾನು. ಕಿವಿಯ ನರದ ಮೇಲೆ ಗಡ್ಡೆ. ಒಂದು ವರ್ಷದ ಹಿಂದೆ ಬಂದಿದ್ದರೆ ಸಣ್ಣದಿರುತ್ತಿತ್ತು, ಇಷ್ಟು ಅಪಾಯ ಇರುತ್ತಿರಲಿಲ್ಲ ಎಂದು ಅಲ್ಲಿಯ ವೈದ್ಯರು ಹೇಳಿದರು. ಅವರು ಅಮ್ಮನನ್ನು ನೋಡಿ ಹೇಳಿದರು, ನಾನು ಪಕ್ಕದಲ್ಲಿ ನಿಂತಿದ್ದೆ. ಯಾಕೆ ತಡ ಮಾಡಿದಿರಿ ಎಂದೂ ಕೇಳಿದರು. “ಕಿವಿ ಸರಿ ಇದೆ ಅಂತ ರಿಪೋರ್ಟು ಬಂದಿತ್ತಂತೆ ಸರ್” ಎಂದಳು ಅಮ್ಮ.

ಆಪರೇಷನ್ನಿನಲ್ಲಿ ಎಡಗಿವಿಯೂ ಹೋಯಿತು. ಮುಖದ ಒಂದು ಬದಿ ಜೋತುಬಿತ್ತು, ನುಂಗುವುದು ಕಷ್ಟವಾಯಿತು. ಮನೆಗೆ ಬಂದ ಮೇಲೆ ಅವರ ಮಡಿಲಲ್ಲಿ ಯಾವಾಗಲೂ ಶಾಲೆಯ ಮಕ್ಕಳು ಬರೆಯುವ ಒಂದು ಪಟ್ಟಿ, ಅಂದರೆ ನೋಟ್‌ಬುಕ್ಕು, ಒಂದು ಪೆನ್ನು. ಯಾರು ಏನು ಹೇಳಬೇಕಿದ್ದರೂ ಅದರಲ್ಲಿ ಬರೆದು ತೋರಿಸಬೇಕು.

ಒಂದು ಭಾನುವಾರ ಮಧ್ಯಾಹ್ನ ಹೋದೆ. ಜಗಲಿಯ ಮೇಲೆ ಕೂತಿದ್ದರು. ಎದುರು ಕೂತು ಎಲ್ಲವನ್ನೂ ಹೇಳಿದೆ. ನಲವತ್ತೊಂದು, ಬಿಟ್ಟ ಎರಡು, ಎಲ್ಲವನ್ನೂ… ಬಾಯಲ್ಲಿ ಹೇಳಿದೆ. ಪಟ್ಟಿ ಅವರ ಮಡಿಲಲ್ಲೇ ಇತ್ತು.

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಕೊನೆಗೆ ಪಟ್ಟಿಯನ್ನು ನನ್ನತ್ತ ನೂಕಿ, ತೊದಲುವ ನಾಲಿಗೆಯಲ್ಲಿ, “ಬರಿ ತಂಗಿ. ಎಂತ ಅಂತ ಬರಿ” ಎಂದರು.

ಕಣ್ಣು ಒರೆಸಿಕೊಂಡು ಪೆನ್ನು ತೆಗೆದುಕೊಂಡೆ. ನಾಳೆ ಧಾರವಾಡಕ್ಕೆ ಹೋಗುತ್ತಿದ್ದೇನೆ ಎಂದು ಬರೆದೆ.

ಓದಿ ನಕ್ಕರು. ಅರ್ಧ ಮುಖ ಮಾತ್ರ ನಕ್ಕಿತು. “ಇಷ್ಟಕ್ಕೆ ಅಳೂದಾ ಮಾರಾಯ್ತಿ? ಮತ್ತೆ ಬತ್ಯಲ್ಲ.”

ಮತ್ತೆ ಬರುವಷ್ಟರಲ್ಲಿ ಅವರು ಹೋಗಿದ್ದರು. ಊಟ ನೆತ್ತಿಗೇರಿ ಶ್ವಾಸಕೋಶಕ್ಕೆ ಸೋಂಕಾಗಿತ್ತು ಎಂದಳು ಅಮ್ಮ.

ಇದು ಆಗಿ ನಾಲ್ಕು ವರ್ಷವಾಯಿತು. ಕಳೆದ ತಿಂಗಳು ರಿಪೇರಿ ಅಂಗಡಿಯಿಂದ ಮನೆಗೆ ಬಂದವಳೇ ಸ್ಪರ್ಧೆಯ ಸಂಘಟಕರಿಗೆ ಪತ್ರ ಬರೆದೆ. ಇಂಥ ವರ್ಷದ ಇಂಥ ಲಾಗನ್ನು ನಾನು ತಿದ್ದಿದ್ದೆ, ಆಪರೇಟರಿಗೆ ಅದು ಗೊತ್ತಿರಲಿಲ್ಲ, ದಯವಿಟ್ಟು ಅದನ್ನು ರದ್ದು ಮಾಡಿ, ತಪ್ಪು ನನ್ನದೆಂದು ಎಲ್ಲಾದರೂ ದಾಖಲಿಸಿ ಎಂದು ಕೇಳಿಕೊಂಡೆ. ಮೂರನೇ ದಿನ ಉತ್ತರ ಬಂತು. ತುಂಬ ಸೌಜನ್ಯದ ಉತ್ತರ. ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ, ಆದರೆ ಫಲಿತಾಂಶ ಅಂತಿಮವಾದ ಮೇಲೆ ಯಾವ ಬದಲಾವಣೆಯನ್ನೂ ಮಾಡುವುದಿಲ್ಲ ಎಂದಿತ್ತು.

ಸಂಘಟಕರ ಜಾಲತಾಣದಲ್ಲಿ ಆ ವರ್ಷದ ಫಲಿತಾಂಶ ಈಗಲೂ ಇದೆ. ದಿನಕ್ಕೊಮ್ಮೆಯಾದರೂ ತೆರೆದು ನೋಡುತ್ತೇನೆ. ಅಕ್ಕೋರ ಕಾಲ್‌ಸೈನ್, ಅದರ ಮುಂದೆ ಒಟ್ಟು ಅಂಕ, ಅದರ ಮುಂದೆ ತಪ್ಪುಗಳು: ಎರಡು. ಆ ಸಾಲಿನ ಪ್ರಕಾರ ಅವರ ಕಿವಿಗೆ ಇವತ್ತಿಗೂ ಏನೂ ಆಗಿಲ್ಲ.