ಅಕ್ಕನ ಮನೆಯ ಜಪಾನಿ ಹೂದಾನಿ

ಹುಣಸೂರಿನಲ್ಲಿ ನನ್ನದು ಹಳೆಯ ಸಾಮಾನಿನ ಅಂಗಡಿ. ಕೊಡಗಿನ ತೋಟದ ಬಂಗಲೆಗಳಲ್ಲಿ ಬೇಡವಾದದ್ದೆಲ್ಲ ಇಳಿದು ಬರುವುದು ಈ ರಸ್ತೆಯಲ್ಲೇ. ಅಜ್ಜನ ಕಾಲದ್ದು ಎನ್ನದೆ ಜಪಾನಿ ಪಿಂಗಾಣಿ ತಂದವರನ್ನು ನಾನಿನ್ನೂ ನೋಡಿಲ್ಲ. ನಕಲು ಎಂದರೆ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ. ನಾನೂ ಈಗ ಮುಲಾಜು ಬಿಟ್ಟಿದ್ದೇನೆ.

ಆದರೆ ಗಾವಡಗೆರೆಯಿಂದ ಅಕ್ಕ ಫೋನ್ ಮಾಡಿ, "ನಮ್ಮನೆ ಹೂದಾನಿ ಅಸಲಿಯಾ ನಕಲಿಯಾ, ಬಂದು ನೋಡೋ" ಎಂದಾಗ ಏನು ಹೇಳಬೇಕಾಗುವುದೋ ಎಂದು ಹೆದರಿದೆ. ಬಾವ ಒಂದು ತೋಟದ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಅಲ್ಲಿ ಯಜಮಾನರ ತಾತನ ಕಾಲದ ಜಪಾನಿ ಹೂದಾನಿ ಕಾಣೆಯಾಯಿತು. ಅಂಥದ್ದೇ ಒಂದು ಬಾವನ ಮನೆಯಲ್ಲಿದೆ ಎಂಬ ಸುದ್ದಿ ಯಜಮಾನರ ಕಿವಿಗೆ ಬಿತ್ತು. ಪೊಲೀಸು ಬೇಡ ಎಂದು ಕೆಲಸದಿಂದ ತೆಗೆದರು, ಬಂದು ನೋಡುವ ಗೋಜಿಗೇ ಹೋಗಲಿಲ್ಲ. "ಮೈಸೂರಲ್ಲಿ ಕೊಂಡಿದ್ದು" ಎಂದು ಬಾವ ಎಷ್ಟು ಹೇಳಿದರೂ ಊರು ನಂಬಲಿಲ್ಲ. ಬಾವ ಇರುವಷ್ಟು ದಿನ ಅಕ್ಕ ನನಗೂ ಅದನ್ನು ಮುಟ್ಟಲು ಬಿಟ್ಟಿರಲಿಲ್ಲ. ನಾನು ಅಸಲಿ ಎಂದುಬಿಟ್ಟರೆ ಆ ಮನುಷ್ಯನ ಜೊತೆ ಬಾಳುವುದು ಹೇಗೆ ಎಂಬ ಭಯ. ಈಗ ಬಾವ ಹೋಗಿ ವರ್ಷವಾಗಿತ್ತು.

"ಅಸಲಿ ಅಂದ್ರೆ ವಾಪಸ್ ಕೊಟ್ಬುಡಾನ ಕಣೋ. ನಿಮ್ಮ ಬಾವನ ಪಾಪನಾದ್ರೂ ಕಳೀಲಿ" ಎಂದಳು ಅಕ್ಕ.

ನಾನು ಹೋದಾಗ ಹೂದಾನಿ ದೇವರ ಕೋಣೆಯಲ್ಲಿತ್ತು. ಅದರ ಸುತ್ತ ಬೋಳು ತಲೆಯ ಬೌದ್ಧ ಸನ್ಯಾಸಿಗಳು, ತಲೆಯ ಹಿಂದೆ ಚಿನ್ನದ ಪ್ರಭೆ. ನಮ್ಮದು ಲಿಂಗ ಕಟ್ಟಿದ ಮನೆತನ. ಅಕ್ಕ ಅವರನ್ನು ಶರಣರೆಂದೇ ತಿಳಿದು ಒಬ್ಬೊಬ್ಬರ ಹಣೆಗೂ ವಿಭೂತಿ ಹಚ್ಚಿ, ಗಂಡನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬೇಡಿಕೊಂಡು ಬಂದಿದ್ದಳು. ಬಂದ ನಗುವನ್ನು ನುಂಗಿಕೊಂಡೆ. ಆಮೇಲೆ ಸಂಕಟವಾಯಿತು.

ವಿಭೂತಿ ಒರೆಸಿ ಭೂತಗನ್ನಡಿ ಹಿಡಿದೆ. ಕೈಯಲ್ಲಿ ಬರೆದ ಬಣ್ಣವಾದರೆ ಕುಂಚದ ಗೆರೆ ಕಾಣುತ್ತದೆ, ಬೆರಳಿಗೆ ಉಬ್ಬು ತಾಗುತ್ತದೆ. ಇಲ್ಲಿ ಸನ್ಯಾಸಿಗಳ ಮುಖದ ತುಂಬ ಪತ್ರಿಕೆಯ ಫೋಟೋದಲ್ಲಿರುವಂಥ ಚುಕ್ಕಿಗಳು. ಹಿಂಬದಿಯಲ್ಲಿ, ಚಿತ್ರ ಅಂಟಿಸಿದ ಅಚ್ಚಿನ ಹಾಳೆಯ ಎರಡು ಅಂಚು ಸೇರುವ ಕಡೆ, ಒಬ್ಬ ಸನ್ಯಾಸಿಯ ತೋಳು ಕೂಡಿರಲೇ ಇಲ್ಲ. ಹಳೆಯದಾಗಿ ಕಾಣಲೆಂದು ತಳಕ್ಕೆ ಕಂದು ಬಣ್ಣ ಬಳಿದಿದ್ದರು. ಉಗುರಿನಲ್ಲಿ ಕೆರೆದರೆ ಒಳಗೆ ಅಚ್ಚ ಬಿಳುಪು. ಬಂಗಲೆಯವರ ತಾತನ ಕಾಲದಲ್ಲಿ ಇಂಥ ಚುಕ್ಕಿಯ ಅಚ್ಚು ಎಲ್ಲಿಂದ ಬರಬೇಕು? ಮಾರಿದರೆ ಒಂದು ಕುಕ್ಕರಿನ ಬೆಲೆಯೂ ಹುಟ್ಟುವುದಿಲ್ಲ.

ನಕಲು ಎಂದು ಹೇಳಲು ನನಗೆ ಸಂತೋಷವಾದದ್ದು ಅದೇ ಮೊದಲು.

"ಅಕ್ಕ, ಇದು ಅವ್ರ ಮನೇದಲ್ಲ. ಈಚೆಗೆ ಮಾಡಿದ್ದು. ಬಾವ ಕೊಂಡಿದ್ದೇ ನಿಜ ಕಣಕ್ಕ."

ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅಕ್ಕ ಗೋಡೆಗೆ ಒರಗಿ ಕುಸಿದು ಕೂತಳು.

"ಊರೋರು ಬುಡು, ಅವ್ರಿಗೇನು. ಸಾಯೋ ಹಿಂದ್ಲ ದಿನಾನೂ ಕೈ ಇಡ್ಕಂಡು, 'ನಿಂಗೇ ಅಂತ ತಂದಿದ್ದು ಕಣೆ, ನೀನಾದ್ರೂ ನಂಬು' ಅಂದ್ರು. ನಾನು ಕೈ ಬುಡಿಸ್ಕಂಡು ಎದ್ದೋದೆ ಕಣೋ."