ಕರ್ನಲ್ ಕುಡಿಯುತ್ತಿದ್ದ ಆಯಿಲ್

ರಸ್ತೆಯ ತಿರುವಿನಲ್ಲಿರುವ ತಗಡಿನ ಶೆಡ್ಡಿನಲ್ಲಿ ಈಗ ಪಂಕ್ಚರ್ ಕೆಲಸ ಬಿಟ್ಟು ಬೇರೇನೂ ನಡೆಯುವುದಿಲ್ಲ. ಎಂಜಿನ್ ಎತ್ತಲು ಬಳಸುತ್ತಿದ್ದ ಸರಪಳಿ ರಾಟೆ ಇನ್ನೂ ತೊಲೆಯಿಂದ ನೇತಾಡುತ್ತಿದೆ. ಅದರ ಕೊಕ್ಕೆಗೆ ಹಳೆಯ ಟ್ಯೂಬುಗಳನ್ನು ಸಿಕ್ಕಿಸಿದ್ದಾರೆ. ಶೆಡ್ಡಿನ ಯಜಮಾನನನ್ನು ಜನ ಇವತ್ತಿಗೂ ಮೇಸ್ತ್ರಿ ಎಂದೇ ಕರೆಯುತ್ತಾರೆ. ಎಂಜಿನ್ ಮಾತ್ರ ಯಾರೂ ತರುವುದಿಲ್ಲ.

ಮೊದಲು ಹಾಗಿರಲಿಲ್ಲ. ಡೀಸೆಲ್ ಎಂಜಿನ್ ಕೆಟ್ಟರೆ ಸುತ್ತಲಿನವರೆಲ್ಲ ಈ ಶೆಡ್ಡಿನ ಮುಂದೆ ಸಾಲು ನಿಲ್ಲುತ್ತಿದ್ದರು. ಆಗ ಮೇಸ್ತ್ರಿಯ ಹೆಂಡತಿಯ ತಮ್ಮ ಕಲ್ಲುಕ್ವಾರಿಯಲ್ಲಿ ಡ್ರೈವರ್ ಆಗಿದ್ದ. ಅವನು ಓಡಿಸುತ್ತಿದ್ದದ್ದು ಸೈನ್ಯದವರು ಹರಾಜಿಗೆ ಹಾಕಿದ್ದ ಹಳೆಯ ಟ್ರಕ್. ಉದ್ದ ಮೂಗು, ದಪ್ಪ ಬಾಗಿಲು, ಎಲ್ಲ ಚಕ್ರಗಳೂ ಎಳೆಯುವಂಥದ್ದು. ಕ್ವಾರಿಯ ಗುಂಡಿಯಿಂದ ಕಲ್ಲು ಹೊತ್ತು ಆ ಕಡಿದಾದ ದಾರಿ ಏರಲು ಅದೊಂದಕ್ಕೇ ಆಗುತ್ತಿತ್ತು. ಕೂಲಿಯವರು ಅದಕ್ಕೆ ಕರ್ನಲ್ ಎಂದು ಹೆಸರಿಟ್ಟಿದ್ದರು.

ಡ್ರೈವರನಿಗೆ ಮದುವೆಯಾಗಿರಲಿಲ್ಲ. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಮಲಗುತ್ತಿದ್ದ. ಸಂಬಳವನ್ನು ಅಕ್ಕನ ಕೈಗಿಟ್ಟೇ ತಟ್ಟೆಯ ಮುಂದೆ ಕೂರುತ್ತಿದ್ದ; ಎರಡನೇ ಸಲ ತಾನೇ ಕೇಳಿ ಬಡಿಸಿಕೊಳ್ಳುತ್ತಿದ್ದ. "ದುಡಿದು ತಿನ್ನೋನಿಗೆ ನಾಚಿಕೆ ಯಾಕಕ್ಕ" ಎನ್ನುತ್ತಿದ್ದ. ಅವನ ಎಡಗಣ್ಣು ಮಂಜಾಗಿದ್ದದ್ದು ಕ್ವಾರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ದಾರಿಯ ಒಂದೊಂದು ಕುಳಿಯೂ ಅವನಿಗೆ ಬಾಯಿಪಾಠವಾಗಿತ್ತು, ಆದ್ದರಿಂದ ಯಾರೂ ತಕರಾರು ಎತ್ತಿರಲಿಲ್ಲ. ಆದರೆ ಕರ್ನಲ್ ಹೋದರೆ ಇನ್ನೊಂದು ಗಾಡಿಯ ಸ್ಟಿಯರಿಂಗ್ ಅವನ ಕೈಗೆ ಯಾರೂ ಕೊಡುತ್ತಿರಲಿಲ್ಲ.

ಕರ್ನಲ್‌ನ ಎಂಜಿನ್ನಿನಲ್ಲಿ ಆಯಿಲ್ ಮೇಲೇರದಂತೆ ತಡೆಯುವ ಪಿಸ್ಟನ್ ರಿಂಗುಗಳು ಸವೆದಿದ್ದವು. ಕೆಳಗಿನ ಆಯಿಲ್ ಮೇಲೆ ಹತ್ತಿ ಡೀಸೆಲ್ ಜೊತೆ ಉರಿದು ನೀಲಿ ಹೊಗೆಯಾಗಿ ಹೋಗುತ್ತಿತ್ತು. ಹೋದದ್ದನ್ನು ತುಂಬಬೇಕಲ್ಲ, ಡ್ರೈವರ್ ದಿನಾ ಬೆಳಿಗ್ಗೆ ಒಂದು ಡಬ್ಬಿ ಆಯಿಲ್ ಸುರಿದು, ಆಮೇಲೆ ತಾನು ಟೀ ಕುಡಿದು ಗಾಡಿ ಹತ್ತುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆದಿತ್ತು.

"ಏನಯ್ಯಾ, ನಿನ್ನ ಕರ್ನಲ್ ಬೆಳ್ಳಂಬೆಳಿಗ್ಗೆನೇ ಶುರು ಹಚ್ಕೊಂಡ್ನಾ?" ಎಂದು ಕಲ್ಲು ಒಡೆಯುವವರು ಕೂಗುತ್ತಿದ್ದರು.

"ಮಿಲಿಟರಿಯವನು ಮಾರಾಯ. ಹಾಕ್ಕೊಳ್ದೆ ಏರು ಹತ್ತು ಅಂದ್ರೆ ಹತ್ತಾನಾ?"

ಹಾಕಿಕೊಂಡರೂ ಹತ್ತಲಾಗದ ದಿನ ಬಂತು. ತುಂಬಿದ ಟ್ರಕ್ ದಾರಿಯ ನಡುವೆ ಉಸಿರು ಕಟ್ಟಿ ನಿಂತಿತು. ಕ್ವಾರಿ ಮಾಲೀಕ ಗಾಡಿಯನ್ನು ಗುಜರಿಗೆ ಕತ್ತರಿಸಲು ಗ್ಯಾಸ್ ಕಟರ್‌ನವನಿಗೆ ಹೇಳಿಕಳಿಸುವುದರಲ್ಲಿದ್ದ. ಅಷ್ಟರಲ್ಲಿ ಮೇಸ್ತ್ರಿಯೇ ಹೋಗಿ ಎಂಜಿನ್ ಬಿಚ್ಚಿ ಹೊಸದು ಮಾಡಿಕೊಡುತ್ತೇನೆಂದ. ಮಾಲೀಕ ಒಪ್ಪಿದ. "ತುಂಬಿದ ಲೋಡು ಒಂದೇ ಉಸಿರಿಗೆ ಮೇಲೆ ಬಂದ್ರೆ ಗಾಡಿನೂ ಇರುತ್ತೆ, ಇವನೂ ಇರ್ತಾನೆ. ಬರ್ಲಿಲ್ವೋ, ಎರಡಕ್ಕೂ ನಮಸ್ಕಾರ."

ಎಂಜಿನ್ ರಾಟೆಗೆ ಏರಿತು. ಹೆಡ್ ತೆಗೆದು, ಹಳೆಯ ರಿಂಗೊಂದನ್ನು ಸಿಲಿಂಡರಿನೊಳಗೆ ಇಟ್ಟು ನೋಡಿದರೆ ಅದರ ಎರಡು ತುದಿಗಳ ನಡುವೆ ಉಗುರು ತೂರುವಷ್ಟು ಸಂದು. ಆ ಮಾದರಿಯ ರಿಂಗುಗಳನ್ನು ಈಗ ಯಾರೂ ಮಾಡುತ್ತಿರಲಿಲ್ಲ. ಗುಜರಿಯವನೊಬ್ಬನ ಹತ್ತಿರ, ಮುಚ್ಚಿಹೋದ ಅಂಗಡಿಯ ಸಾಮಾನಿನ ರಾಶಿಯಲ್ಲಿ ಒಂದು ಸೆಟ್ ಸಿಕ್ಕಿತು, ಅಳತೆಯಲ್ಲಿ ಕೂದಲೆಳೆಯಷ್ಟು ದೊಡ್ಡದು. ಮೇಸ್ತ್ರಿ ಒಂದೊಂದರ ತುದಿಯನ್ನೂ ಸಣ್ಣ ಅರದಿಂದ ತೀಡಿ, ಸಿಲಿಂಡರಿಗೆ ಇಳಿಸಿ, ಸಂದು ಅಳೆದು, ಮತ್ತೆ ತೀಡಿದ. ನುಣುಪಾಗಿದ್ದ ಸಿಲಿಂಡರ್ ಗೋಡೆಗೆ, ಹೊಸ ರಿಂಗು ಕಚ್ಚಿಕೊಳ್ಳಲೆಂದು, ಸಾಣೆಕಲ್ಲಿನಿಂದ ಅಡ್ಡಡ್ಡ ಗೀರು ಎಳೆದ. ರಿಂಗುಗಳ ಬಾಯಿ ಒಂದರ ಕೆಳಗೊಂದು ಬರದಂತೆ ತಿರುಗಿಸಿಟ್ಟು ಪಿಸ್ಟನ್ ಇಳಿಸಿದ. ರಿಂಗು ಸ್ವಲ್ಪ ಸೊಟ್ಟಗೆ ಹೋದರೂ ಮುರಿಯುತ್ತದೆ, ಮುರಿದರೆ ಇನ್ನೊಂದಿಲ್ಲ. ಡ್ರೈವರ್ ದೀಪ ಹಿಡಿದು ಉಸಿರು ಬಿಗಿಹಿಡಿದಿದ್ದ.

"ಉಸಿರಾಡೋ. ನಿನಗೇನು ಹೆರಿಗೆ ಮಾಡಿಸ್ತಿದೀನಾ?"

"ನೀವು ನೋಡ್ಕೊಂಡು ಮಾಡಿ ಭಾವ. ಬಾಣಂತನ ನಾನು ನೋಡ್ಕೋತೀನಿ."

ಎಂಜಿನ್ ಟ್ರಕ್ಕಿಗೆ ಕೂತ ಸಂಜೆ ಮೇಸ್ತ್ರಿ ಹೊಸ ಆಯಿಲ್ ತುಂಬಿ, ಅಳತೆಕಡ್ಡಿ ಎಳೆದು ನೋಡಿದ. ಗೆರೆಗೆ ಸರಿಯಾಗಿತ್ತು. ಸ್ಟಾರ್ಟ್ ಮಾಡಿದಾಗ ಮೊದಲು ಒಂದಿಷ್ಟು ಹೊಗೆ ಬಂದು, ನಿಧಾನಕ್ಕೆ ತಿಳಿಯಾಯಿತು.

"ಚಟ ಬಿಡಿಸಿದೀನಿ ನೋಡು. ಇನ್ಮೇಲೆ ನಿನ್ನ ಕರ್ನಲ್ ಹನಿನೂ ಮುಟ್ಟಲ್ಲ."

ಭಾವಮೈದ ನಕ್ಕ. ಟ್ರಕ್ ಓಡಿಸಿಕೊಂಡು ಹೋಗಿ ಕ್ವಾರಿಯಲ್ಲಿ ನಿಲ್ಲಿಸಿ ಬಂದ.

ಮರುದಿನ ಅವನು ಎಲ್ಲರಿಗಿಂತ ಮೊದಲೇ ಕ್ವಾರಿಗೆ ಹೋದ. ಮೇಸ್ತ್ರಿ ಬರುವ ಹೊತ್ತಿಗೆ ಕರ್ನಲ್‌ಗೆ ಕಲ್ಲು ತುಂಬಿಯಾಗಿತ್ತು. ಹೊರಡುವ ಮುಂಚೆ ಕಡ್ಡಿ ಎಳೆದು ನೋಡುವುದು ಮೇಸ್ತ್ರಿಯ ಪದ್ಧತಿ. ನಿನ್ನೆ ಸಂಜೆಯಷ್ಟೇ ನೋಡಿದ್ದೇನಲ್ಲ ಎಂದುಕೊಂಡು, ಮಾಲೀಕನ ಜೊತೆ ಏರಿನ ನಡುವೆ ಹೋಗಿ ನಿಂತ.

ಟ್ರಕ್ ಸಲೀಸಾಗಿ ಏರತೊಡಗಿತು. ಮಾಲೀಕ ತಲೆದೂಗಿದ. ಅರ್ಧ ದಾರಿಗೆ ಬಂದಾಗ ಎಂಜಿನ್ನಿನ ಸದ್ದು ಏರಿತು, ಡ್ರೈವರ್ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಏರುತ್ತಲೇ ಹೋಯಿತು. ಹಿಂದೆ ಬೆಳ್ಳನೆಯ ದಟ್ಟ ಹೊಗೆ. ಮೇಸ್ತ್ರಿಗೆ ಕೂಡಲೇ ಅರ್ಥವಾಯಿತು. ಆಯಿಲ್ ಅಳತೆ ಮೀರಿದರೆ ಎಂಜಿನ್ನಿನ ತಳದಲ್ಲಿ ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆಯಂತೆ ಕಡೆಯುತ್ತದೆ. ಹೊಸ ರಿಂಗುಗಳಿನ್ನೂ ಗೋಡೆಗೆ ಒಗ್ಗಿರುವುದಿಲ್ಲ. ಆ ನೊರೆ ಮೇಲೆ ನುಗ್ಗಿದರೆ ಎಂಜಿನ್ ಡೀಸೆಲಿನ ಹಂಗು ಬಿಟ್ಟು ತನ್ನದೇ ಆಯಿಲ್ ಉರಿಸಿಕೊಂಡು ಓಡುತ್ತದೆ. ಆಗ ಡೀಸೆಲ್ ನಿಲ್ಲಿಸಿ ಪ್ರಯೋಜನವಿಲ್ಲ. ಒಂದೋ ಗಿಯರಿನಲ್ಲೇ ಬ್ರೇಕ್ ಒತ್ತಿ ಉಸಿರು ಕಟ್ಟಿಸಬೇಕು, ಇಲ್ಲ ಗಾಳಿಯ ಬಾಯಿ ಮುಚ್ಚಬೇಕು.

ಗಾಬರಿಬಿದ್ದ ಡ್ರೈವರ್ ಬ್ರೇಕಿನ ಜೊತೆ ಕ್ಲಚ್ಚನ್ನೂ ಒತ್ತಿದ. ಎಳೆಯುವ ಭಾರವೂ ತಪ್ಪಿದ ಎಂಜಿನ್ ಕಿರುಚಿತು.

"ಕ್ಲಚ್ ಬಿಡೋ! ಕ್ಲಚ್ ಬಿಡು!" ಎನ್ನುತ್ತ ಮೇಸ್ತ್ರಿ ಓಡಿದ. ಆ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅಂಗಿ ಕಳಚಿ ಉಂಡೆ ಮಾಡಿ ಗಾಳಿಯ ಕೊಳವೆಗೆ ತುರುಕುವಷ್ಟರಲ್ಲಿ ಒಳಗೆ ಸುತ್ತಿಗೆ ಬಡಿದಂತಾಯಿತು. ಪಿಸ್ಟನ್ ಹಿಡಿದಿದ್ದ ಸಲಾಕೆ ಮುರಿದು, ಬ್ಲಾಕ್ ಒಡೆದುಕೊಂಡು ಹೊರಬಂತು. ಕಾದ ಆಯಿಲ್ ಮೇಸ್ತ್ರಿಯ ಮುಂಗೈ ಮೇಲೆ ಸಿಡಿಯಿತು. ಆಮೇಲೆ ಎಲ್ಲ ನಿಶ್ಶಬ್ದ.

ಸುಟ್ಟ ಕೈ ಹಿಡಿದುಕೊಂಡು ಮೇಸ್ತ್ರಿ ಮೊದಲು ನಡೆದದ್ದು ಟ್ರಕ್ ರಾತ್ರಿ ನಿಂತಿದ್ದ ಜಾಗಕ್ಕೆ. ಅಲ್ಲಿ ಖಾಲಿ ಡಬ್ಬಿ ಇತ್ತು. ಬಾಯಲ್ಲಿ ಹೊಸ ಆಯಿಲಿನ ಹನಿ ಇನ್ನೂ ಜಿನುಗುತ್ತಿತ್ತು. ಪಕ್ಕದಲ್ಲಿ ಟೀ ಕುಡಿದಿಟ್ಟ ಲೋಟ. ಮರೆತು ಸುರಿದದ್ದೂ ಅಲ್ಲ. ನೆನಪಿನ ಗೊಡವೆಯೇ ಇಲ್ಲದೆ ಕೈ ತನ್ನ ಕೆಲಸ ಮಾಡಿತ್ತು. ಮೇಸ್ತ್ರಿ ಡಬ್ಬಿಯನ್ನೆತ್ತಿ ಗುಂಡಿಯ ತಳದ ನೀರಿಗೆ ಎಸೆದ. ತಿರುಗಿದರೆ ಭಾವಮೈದ ಹಿಂದೆಯೇ ನಿಂತಿದ್ದ.

"ಭಾವ..."

ಮೇಸ್ತ್ರಿ ಅವನನ್ನು ದಾಟಿಕೊಂಡು ಮಾಲೀಕನ ಹತ್ತಿರ ಹೋದ. "ರಿಂಗು ಕೂರ್ಲಿಲ್ಲ ಸಾರ್. ತಪ್ಪು ನನ್ನ ಕೆಲಸದ್ದೇ."

ಗಾಡಿ ಉಳಿಯದಿದ್ದರೂ ಕಾವಲಿಗಾದರೂ ಭಾವಮೈದನನ್ನು ಮಾಲೀಕ ಇಟ್ಟುಕೊಂಡಾನು ಎಂಬ ಲೆಕ್ಕ ಅದು. ಅವನು ಇಟ್ಟುಕೊಳ್ಳಲಿಲ್ಲ. ಮಾತು ಮಾತ್ರ ಕಾಲಿಲ್ಲದೆ ಊರೆಲ್ಲ ನಡೆಯಿತು: ಮೇಸ್ತ್ರಿ ಕಟ್ಟಿದ ಎಂಜಿನ್ ಒಂದು ಏರೂ ಹತ್ತಲಿಲ್ಲವಂತೆ. ಬಿಚ್ಚಿಟ್ಟಿದ್ದ ಎಂಜಿನ್ನುಗಳನ್ನೂ ಜನ ಚೀಲದಲ್ಲಿ ತುಂಬಿಕೊಂಡು ಹೋದರು.

ಭಾವಮೈದ ಶೆಡ್ಡಿಗೆ ಬಂದು ಟ್ಯೂಬನ್ನು ನೀರಿಗೆ ಅದ್ದಿ ತೂತು ಹುಡುಕುವ ಕೆಲಸಕ್ಕೆ ಕೂತ. ಮನೆಯಲ್ಲಿ ಒಂದು ಸಲ ಬಡಿಸಿದ್ದನ್ನು ಉಂಡು ತಟ್ಟೆ ತೊಳೆದಿಡುತ್ತಿದ್ದ. ಇನ್ನೊಂದು ಸಲ ಬಡಿಸಲು ಅಕ್ಕ ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಆ ಬೆಳಗಿನ ಮಾತು ತೆಗೆಯಲು ಹೋದಾಗೆಲ್ಲ ಮೇಸ್ತ್ರಿ ಎದ್ದು ಹೋಗುತ್ತಿದ್ದ.

"ಒಂದ್ಸಲ ಬೈದುಬಿಡ್ರೀ ಅವನಿಗೆ" ಎಂದಳು ಹೆಂಡತಿ ಒಂದು ದಿನ. "ನನ್ನ ಹತ್ರ ಎಲ್ಲ ಹೇಳಿದಾನೆ. ನಿಮ್ಮ ಬಾಯಿಂದ ಬೈಸ್ಕೊಳ್ದೆ ಅವನಿಗೆ ತುತ್ತು ಇಳೀತಿಲ್ಲ."

"ಬೈದ್ರೆ ಎಂಜಿನ್ ಬರುತ್ತಾ?"

"ಎಂಜಿನ್ ಹಾಳಾಗಿಹೋಗ್ಲಿ. ತಮ್ಮ ಸಾಯ್ತಿದಾನೆ."

ಮೇಸ್ತ್ರಿ ಎದ್ದು ಶೆಡ್ಡಿಗೆ ಹೊರಟ. ಅವನ ಮೌನ ದೊಡ್ಡತನವಲ್ಲವೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮಧ್ಯಾಹ್ನವೊಂದರಲ್ಲಿ ಭಾವಮೈದ ಒಂದು ಸ್ಕೂಟರಿನ ಚಕ್ರಕ್ಕೆ ಗಾಳಿ ತುಂಬುತ್ತಿದ್ದ. ಗಾಳಿ ಅಳೆಯುವ ಮೀಟರಿನ ಮುಳ್ಳು ಎಲ್ಲಿ ನಿಂತಿದೆಯೆಂದು ಅವನ ಕಣ್ಣಿಗೆ ತಿಳಿಯಲಿಲ್ಲ. ಟ್ಯೂಬ್ ಢಮಾರೆಂದು ಒಡೆಯಿತು. ಮೇಸ್ತ್ರಿ ಎದ್ದು ನಿಂತ.

"ಆವತ್ತು ಆಯಿಲ್, ಇವತ್ತು ಗಾಳಿ. ತುಂಬಿದ್ರೆ ತುಂಬ್ತಾನೇ ಇರ್ತೀಯಲ್ಲೋ ದರಿದ್ರದವನೇ! ಹೇಳಿರ್ಲಿಲ್ವಾ ನಾನು, ಇನ್ಮೇಲೆ ಅದು ಕುಡಿಯೋಲ್ಲ ಅಂತ? ನನ್ನ ಅನ್ನ ತೆಗೆದೆ, ನಿನ್ನ ಅನ್ನನೂ ತೆಗ್ಕೊಂಡೆ. ಕಡ್ಡಿ ಎಳೆದು ನೋಡ್ಬೇಕಿತ್ತು ನಾನು, ನೋಡ್ಲಿಲ್ಲ. ನೋಡಿದ್ರೆ ಅಲ್ಲೇ ನಿನ್ನ ಕೈ ಮುರೀತಿದ್ದೆ."

"ಮುರೀಬೇಕಿತ್ತು ಭಾವ."

"ಬಾಯಿ ಮುಚ್ಚು. ಇನ್ನೊಂದು ಟ್ಯೂಬ್ ತಗೋ."

ಸ್ಕೂಟರಿನವನು ಇಬ್ಬರ ಮುಖವನ್ನೂ ನೋಡಿ ಹೊರಗೆ ಹೋಗಿ ನಿಂತ. ಭಾವಮೈದ ರಾಟೆಯ ಕೊಕ್ಕೆಯಿಂದ ಟ್ಯೂಬೊಂದನ್ನು ಬಿಡಿಸಿಕೊಂಡು, ಕಣ್ಣು ಒರೆಸಿಕೊಂಡು ಕೂತ.

ಆ ರಾತ್ರಿ ಊಟದಲ್ಲಿ ಒಂದು ಸಲ ಬಡಿಸಿಯಾಗಿತ್ತು. ಅಕ್ಕ ಪಾತ್ರೆ ಎತ್ತಿಕೊಂಡು ಒಳಗೆ ಹೊರಟಿದ್ದಳು. ತಮ್ಮ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದ.