ಬೋಲ್ಟಿನ ತಲೆಗೆ ಮೂರು ಏಟು

ನಮ್ಮಪ್ಪನಿಗೆ ಯಾವ ವಸ್ತುವೂ ಇದ್ದ ಹಾಗೇ ಇದ್ದರೆ ಸಮಾಧಾನವಿರಲಿಲ್ಲ. ಮನೆಯ ಬಾಗಿಲಿನ ಚಿಲಕ ಸರಿಯಾಗಿಯೇ ಇತ್ತು. ಅದನ್ನು ಇನ್ನಷ್ಟು ಸರಿ ಮಾಡಿದ ಮೇಲೆ ಹೊರಗಿನಿಂದ ತೆಗೆಯುವುದು ಅಪ್ಪನೊಬ್ಬರಿಗೆ ಮಾತ್ರ ಬರುತ್ತಿತ್ತು. ಅಮ್ಮ ತರಕಾರಿ ಚೀಲ ಹಿಡಿದುಕೊಂಡು ನಮ್ಮದೇ ಮನೆಯ ಮೆಟ್ಟಿಲ ಮೇಲೆ ಕೂತು ಗಂಡನ ದಾರಿ ಕಾದದ್ದುಂಟು. ಬಟ್ಟೆ ಒಣಹಾಕುವ ಹಗ್ಗಕ್ಕೆ ರಾಟೆ ಕಟ್ಟಿದರು. ಅದು ನಮ್ಮ ಬಟ್ಟೆಗಳನ್ನೆಲ್ಲ ನೀಟಾಗಿ ಪಕ್ಕದ ಮನೆಯ ಕಿಟಕಿಗೆ ತಲುಪಿಸಿತು.

"ನಿಮ್ಮ ಕೈಗೆ ಸಿಕ್ಕಿದ್ದು ಯಾವುದು ಉಳಿದಿದೆ ಹೇಳಿ? ನಾನೊಬ್ಬಳು ಹೇಗೋ ಬಚಾವಾದೆ" ಎಂದು ಅಮ್ಮ ಗೊಣಗಿದರೆ, "ನಿನ್ನಲ್ಲಿ ರಿಪೇರಿಗೆ ಏನೂ ಇಲ್ವಲ್ಲ ಮಾರಾಯ್ತಿ" ಎಂದು ಅಪ್ಪ ಜಾರಿಕೊಳ್ಳುತ್ತಿದ್ದರು. ಅಮ್ಮನ ಸಿಟ್ಟು ಅಲ್ಲಿಗೆ ಇಳಿಯುತ್ತಿತ್ತು. ಅಪ್ಪ ಮಾಡಿದ ರಿಪೇರಿಗಳಲ್ಲಿ ಪ್ರತಿ ಸಲವೂ ಫಲ ಕೊಟ್ಟದ್ದು ಅದೊಂದೇ ಎಂದು ನನ್ನ ಲೆಕ್ಕ.

ಇಂಥ ಮನುಷ್ಯನಿಗೆ ಸಿಕ್ಕಿದ್ದ ಕೆಲಸವೂ ಯಂತ್ರಗಳನ್ನು ನೋಡಿಕೊಳ್ಳುವುದೇ. ನಮ್ಮ ಬೀದಿಯ ಕೊನೆಯಲ್ಲಿ ತಗಡಿನ ಸೂರಿನ ಒಂದು ಶೆಡ್ಡು; ಅಲ್ಲಿ ಬೋಲ್ಟುಗಳನ್ನೂ ಮರದ ತೊಲೆಗೆ ಹೊಡೆಯುವ ದಪ್ಪ ಮೊಳೆಗಳನ್ನೂ ಮಾಡುತ್ತಿದ್ದರು. ಬೋಲ್ಟಿಗೆ ತಲೆ ಮೂಡಿಸುವ ಯಂತ್ರ ಶೆಡ್ಡಿನ ನಟ್ಟನಡುವೆ ಇತ್ತು. ತುದಿಯನ್ನು ಕೆಂಪಗೆ ಕಾಯಿಸಿದ ಸಲಾಕೆಯನ್ನು ಅದರ ಬಾಯಿಗೆ ಕೊಟ್ಟರೆ ಅಚ್ಚು ಗಬಕ್ಕನೆ ಹಿಡಿದುಕೊಳ್ಳುತ್ತಿತ್ತು. ಎದುರಿನಿಂದ ಕಬ್ಬಿಣದ ದಿಮ್ಮಿಯೊಂದು ನುಗ್ಗಿ ಬಂದು ಒಂದೇ ಏಟು ಬಿಗಿಯುತ್ತಿತ್ತು. ಮೆತ್ತಗಾದ ತುದಿ ಚಪ್ಪಟೆಯಾಗಿ ತಲೆಯಾಗಬೇಕು. ಆಗುತ್ತಿತ್ತು, ಆದರೆ ಸೊಟ್ಟ ತಲೆ. ಒಂದು ಎಡಕ್ಕೆ ವಾಲಿದರೆ ಇನ್ನೊಂದು ಬಲಕ್ಕೆ, ಮತ್ತೊಂದು ನಿದ್ದೆಗಣ್ಣಲ್ಲಿ ತೂಗುವವರ ಹಾಗೆ ಮುಂದಕ್ಕೆ.

ವಾಲಿದ ತಲೆಗಳಿಗೆ ಬುದ್ಧಿ ಕಲಿಸುತ್ತಿದ್ದವರು ನನ್ನ ಸೋದರಮಾವ, ಅಮ್ಮನ ಅಣ್ಣ. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಸುತ್ತಿಗೆ ಅಣ್ಣ ಎನ್ನುತ್ತಿದ್ದರು. ಯಂತ್ರದ ಪಕ್ಕದಲ್ಲೇ, ಕಾದ ಕಬ್ಬಿಣ ಇಟ್ಟು ಬಡಿಯುವ ಅವರ ಉಕ್ಕಿನ ಅಡಿಗಲ್ಲು. ಬೋಲ್ಟು ಇನ್ನೂ ಕೆಂಪಗಿರುವಾಗಲೇ ಇಕ್ಕಳದಲ್ಲಿ ಹಿಡಿದು, ಬಡಿದು, ನೇರ ಮಾಡಿ ಬುಟ್ಟಿಗೆ ಎಸೆಯುತ್ತಿದ್ದರು. ಅಪ್ಪನೂ ಮಾವನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಮದುವೆಗೆ ಮುಂಚಿನಿಂದಲೂ ಸ್ನೇಹಿತರು. "ನಿಮ್ಮಪ್ಪ ನನ್ನ ನೋಡೋಕೆ ಬಂದಿರ್ಲಿಲ್ಲ ಕಣೆ, ನಮ್ಮಣ್ಣನ ಜೊತೆ ಹರಟೆ ಹೊಡೆಯೋಕೆ ಬಂದಿದ್ರು. ನಾನು ಕಾಫಿ ತಂದುಕೊಟ್ಟೆ, ಸಿಕ್ಕಿಬಿದ್ರು" ಎಂದು ಅಮ್ಮ ಹೇಳುತ್ತಿದ್ದಳು.

ಒಂದು ದಿನ ಅತ್ತೆ, ಅಂದರೆ ಮಾವನ ಹೆಂಡತಿ, ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ನಿಮ್ಮಣ್ಣಂಗೆ ಬಲಗೈ ಮೇಲಕ್ಕೇ ಏಳ್ತಿಲ್ಲ. ತಲೆ ಬಾಚೋದು ನಾನೇ, ಅಂಗಿ ಹಾಕೋದೂ ನಾನೇ. ಶೆಡ್ಡಲ್ಲಿ ಹೇಗೋ ಮೊಣಕೈ ಬಲದಲ್ಲೇ ಹೊಡ್ಕೊಂಡು ಬರ್ತಾರೆ. ಯಾರಿಗೂ ಹೇಳ್ಬೇಡ ಅಂತ ನನ್ನ ಕೈಲಿ ಮಾತು ತಗೊಂಡಿದಾರೆ. ಶೆಡ್ಡಿನ ಯಜಮಾನ್ರಿಗೆ ಗೊತ್ತಾದ್ರೆ ಮನೇಗೆ ಕಳಿಸ್ತಾರಲ್ಲ!"

"ಅಯ್ಯೋ ಅತ್ತಿಗೆ! ಈ ಮಾತು ನನ್ನ ಹೊಟ್ಟೇಲೇ ಇರುತ್ತೆ, ಬಿಡಿ" ಎಂದಳು ಅಮ್ಮ.

ಅಮ್ಮನ ಹೊಟ್ಟೆಯಲ್ಲಿ ಅದು ಸಂಜೆಯವರೆಗೆ ಇತ್ತು. ಅಪ್ಪ ಚಪ್ಪಲಿ ಬಿಡುತ್ತಿದ್ದಂತೆಯೇ ಹೊರಗೆ ಬಂತು. "ಏನಾದ್ರೂ ಮಾಡಿ, ಅಣ್ಣನ ಕೈ ಉಳಿಸಿ. ಆದ್ರೆ ನಿಮಗೆ ಗೊತ್ತು ಅಂತ ಅವನಿಗೆ ಗೊತ್ತಾಗ್ಲೇಬಾರ್ದು. ನಾನು ಹೇಳಿದೆ ಅಂತಾದ್ರೆ ಅತ್ತಿಗೆ ಮುಖ ನೋಡೋ ಹಾಗಿಲ್ಲ."

ಅಪ್ಪನಿಗೆ ಇಷ್ಟು ಸಾಕಾಯಿತು. ಯಂತ್ರವೇ ನೆಟ್ಟಗಿನ ತಲೆ ಮಾಡಿಬಿಟ್ಟರೆ ಭಾವ ಕೈ ಎತ್ತಬೇಕಾದ್ದೇ ಇಲ್ಲ, ಸುತ್ತಿಗೆ ಹಿಡಿದು ಸುಮ್ಮನೆ ನಿಂತರಾಯಿತು ಎಂದುಕೊಂಡರು. ಬಡಿಯಲು ಏನೂ ಇಲ್ಲದ ಸುತ್ತಿಗೆಯವನನ್ನು ಯಜಮಾನರು ಯಾಕೆ ಇಟ್ಟುಕೊಳ್ಳುತ್ತಾರೆ ಎಂಬುದು ಆ ತಲೆಗೆ ಹೊಳೆಯಲೇ ಇಲ್ಲ. ಹೆತ್ತ ಅಪ್ಪನೇ ಆದರೂ ಇದಕ್ಕೆ ಪೆದ್ದುತನ ಎನ್ನದೆ ಬೇರೇನು ಎನ್ನಲಿ?

ಅಪ್ಪ ಎಣ್ಣೆ ಡಬ್ಬಿ ಹಿಡಿದು ಯಂತ್ರದ ಸುತ್ತ ಸುಳಿಯುತ್ತ ಮಾವನ ಕೈಯನ್ನೇ ನೋಡತೊಡಗಿದರು. ಮಾವ ಮೊದಲು ಮೆಲ್ಲಗೆ ತಟ್ಟುತ್ತಿದ್ದರು, ಆಮೇಲೆ ಜೋರಾಗಿ ಬಿಗಿಯುತ್ತಿದ್ದರು. ಅಪ್ಪನಿಗೆ ಗುಟ್ಟು ಹೊಳೆಯಿತು. ಮೆತ್ತಗಿನ ತುದಿಗೆ ಏಕಾಏಕಿ ಬಡಿದರೆ ಅದು ತಾಳಲಾರದೆ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಮೊದಲು ತಟ್ಟಿ ಉಂಡೆ ಕಟ್ಟಿದರೆ ಎರಡನೆಯ ಏಟಿಗೆ ನೆಟ್ಟಗೆ ಕೂರುತ್ತದೆ. ಯಂತ್ರಕ್ಕೂ ಎರಡು ಏಟು ಕಲಿಸಬೇಕು, ಅಷ್ಟೆ.

ಆದರೆ ಮಾವ ಮೂರನೆಯದೂ ಒಂದು ಹೊಡೆಯುತ್ತಿದ್ದರು, ಬೋಲ್ಟಿಗಲ್ಲ, ಬರಿಯ ಅಡಿಗಲ್ಲಿಗೆ. ಟಕ್, ಧಡ್, ಟಿಣ್. ಪ್ರತಿ ಬೋಲ್ಟಿಗೂ ಹಾಗೇ. ಈ ಟಿಣ್ ಯಾಕೆಂದು ಅಪ್ಪ ಎಷ್ಟು ತಲೆ ಕೆರೆದುಕೊಂಡರೂ ತಿಳಿಯಲಿಲ್ಲ. ಕೇಳೋಣವೆಂದರೆ ಇದೆಲ್ಲ ಯಾಕೆ ನೋಡುತ್ತಿದ್ದೀಯ ಎಂಬ ಪ್ರಶ್ನೆ ಬರುತ್ತದೆ. ಇಷ್ಟು ವರ್ಷ ಕಬ್ಬಿಣ ಬಡಿದ ಮನುಷ್ಯ ಸುಮ್ಮಸುಮ್ಮನೆ ಹೊಡೆಯುವುದುಂಟೇ, ಏನೋ ಕಾರಣ ಇದ್ದೇ ಇರುತ್ತದೆ ಎಂದುಕೊಂಡು ಅದನ್ನೂ ಸೇರಿಸಿದರು. ದಿಮ್ಮಿಯನ್ನು ತಳ್ಳುವ ಚಕ್ರದ ಅಂಚಿಗೆ ಮೂರು ಉಬ್ಬು ಕೂರಿಸಿದರು. ಚಿಕ್ಕ ಉಬ್ಬಿಗೆ ಮೆಲ್ಲನೆಯ ಏಟು, ದೊಡ್ಡದಕ್ಕೆ ಜೋರಿನ ಏಟು. ಮೂರನೆಯದು ದಿಮ್ಮಿಯನ್ನು ಬೆರಳಗಲ ಅಲುಗಿಸಿ ಅದರ ಜಾಗದಲ್ಲೇ ಬಿಡುತ್ತಿತ್ತು. ಟಿಣ್.

ಹೊಸ ಚಕ್ರ ತಿರುಗಿದ ದಿನ ಮೊದಲ ಬೋಲ್ಟೇ ಅಳೆದು ಹೊಯ್ದ ಹಾಗೆ ಬಂತು. ಯಜಮಾನರು ಅದನ್ನು ಇಕ್ಕಳದಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಅಪ್ಪನ ಮುಖ ಊರಗಲವಾಗಿತ್ತು. ಆಮೇಲೆ ಯಜಮಾನರು ತೀರ ಸಹಜವಾಗಿ, "ಹಾಗಾದ್ರೆ ಇನ್ನು ಸುತ್ತಿಗೆ ಕೆಲಸ ಬೇಕಾಗಲ್ಲ ಅನ್ನಿ" ಎಂದರು.

ಅಪ್ಪನಿಗೆ ಆಗ ಹೊಳೆಯಿತು. ಮಾವ ಸುತ್ತಿಗೆಯನ್ನು ಅಡಿಗಲ್ಲಿನ ಮೇಲಿಟ್ಟು, ಕೈ ಒರೆಸಿಕೊಂಡು, "ಒಳ್ಳೇ ಕೆಲಸ ಮಾಡಿದೆ ಭಾವ" ಎಂದು ಹೇಳಿ ಹೊರಟುಹೋದರು.

ಮಾವ ನಮ್ಮ ಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಬೀದಿಯಲ್ಲಿ ಅಪ್ಪ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದರು. ಅಮ್ಮ ತಟ್ಟೆಯನ್ನು ಅಪ್ಪನ ಮುಂದೆ ಕುಕ್ಕುತ್ತಿದ್ದಳು. "ಅಣ್ಣನ ಕೈ ಉಳಿಸಿ ಅಂದ್ರೆ ಅನ್ನಾನೇ ಕಿತ್ಕೊಂಡ್ರಲ್ರೀ!" ಕೈಗಾಗಿಯೇ ಮಾಡಿದ್ದು ಎಂದು ಹೋಗಿ ಹೇಳೋಣವೆಂದರೆ ಅತ್ತೆಯ ಮಾತು ಮುರಿಯುತ್ತದೆ. ಹೇಳದಿದ್ದರೆ ಭಾವನ ಪಾಲಿಗೆ ತಾನೇ ಕೆಲಸ ಕದ್ದ ಕಳ್ಳ. ಅಪ್ಪ ಅನ್ನ ಕಲಸುತ್ತ ಕಲಸುತ್ತ ಹಾಗೇ ಕೂತುಬಿಡುತ್ತಿದ್ದರು. ಆ ದಿನಗಳಲ್ಲಿ ಮನೆಯ ಯಾವ ವಸ್ತುವಿಗೂ ಅವರು ಕೈ ಹಚ್ಚಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಅದಕ್ಕೆ.

ಅತ್ತ ಶೆಡ್ಡಿನಲ್ಲಿ ಯಜಮಾನರು ಬೋಲ್ಟುಗಳನ್ನು ಡಬ್ಬಿಗೆ ತುಂಬುವ ಕೆಲಸದವನನ್ನು ಯಂತ್ರದ ಮುಂದೆ ಕೂರಿಸಿದ್ದರು. ಪಾಪ, ಅವನಿಗೆ ಆ ಟಿಣ್ ಒಗ್ಗಲೇ ಇಲ್ಲ. ಅದನ್ನೂ ಏಟೆಂದುಕೊಂಡು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅದು ಮುಗಿದ ಮೇಲೆ ಸಲಾಕೆ ಕೊಡಲು ಹೋದರೆ ಆಗಲೇ ಮುಂದಿನ ಟಕ್ ಶುರು. ಬುಟ್ಟಿಯಲ್ಲಿ ಅರ್ಧ ತಲೆಯವು, ತಲೆಯೇ ಇಲ್ಲದವು, ಕೊಕ್ಕೆಯ ಹಾಗೆ ಬಾಗಿದವು ತುಂಬಿಕೊಂಡವು. ಯಜಮಾನರು ರೇಗಿದರು. "ಆ ಮೂರನೇದು ಯಾತಕ್ರೀ? ದಂಡ! ತೆಗೆದುಹಾಕಿ." ಅಪ್ಪ ಆ ಉಬ್ಬನ್ನು ಉಜ್ಜಿ ತೆಗೆಯುವ ಅರ ತರಲು ಹೋದರು.

ನಾನು ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದದ್ದು ಸರಿಯಾಗಿ ಆ ಹೊತ್ತಿಗೆ. ಮಾವ ತಮ್ಮ ಸುತ್ತಿಗೆ ಒಯ್ಯಲು ಬಂದವರು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬರುತ್ತಿರಲಿಲ್ಲ, ಕಿವಿಗೊಟ್ಟು ಕೇಳುತ್ತಿದ್ದರು. ಟಕ್, ಧಡ್, ಟಿಣ್.

"ಯಾರೇ ಅದು, ನನ್ನ ಹಾಗೇ ಹೊಡೀತಿರೋದು?" ಎಂದು ನನ್ನನ್ನು ಕೇಳಿದರು.

"ಯಂತ್ರ ಮಾವ" ಎಂದೆ.

ಮಾವ ಸೀದಾ ಒಳಗೆ ಹೋಗಿ, "ಏಳಯ್ಯ ಮೇಲೆ" ಎಂದು ಡಬ್ಬಿಯವನನ್ನು ಎಬ್ಬಿಸಿ ತಾವೇ ಕೂತರು. ಎಡಗೈಯಲ್ಲಿ ಇಕ್ಕಳ, ಬಲಗೈ ಸುಮ್ಮನೆ ತೊಡೆಯ ಮೇಲೆ. ಟಿಣ್ ಎನ್ನುತ್ತಿದ್ದಂತೆ ಸಿದ್ಧವಾದ ಬೋಲ್ಟು ಹೊರಗೆ, ಹೊಸ ಸಲಾಕೆ ಒಳಗೆ. ಟಕ್, ಧಡ್. ಮತ್ತೆ ಟಿಣ್. ಒಮ್ಮೆಯೂ ತಪ್ಪಲಿಲ್ಲ. ಹೊರಗೆ ಬಿದ್ದ ಬೋಲ್ಟುಗಳೆಲ್ಲ ನೆಟ್ಟಗೆ. ಯಜಮಾನರು ಸ್ವಲ್ಪ ಹೊತ್ತು ನೋಡಿ, "ಇದೇನ್ರೀ, ಮೊದಲೇ ಹೇಳ್ಬಾರ್ದಾ? ನೀವೇ ಕೂತ್ಕೊಳ್ಳಿ ಇಲ್ಲಿ" ಎಂದು ತಾವೇ ಕಂಡುಹಿಡಿದವರ ಹಾಗೆ ಕೈ ಕೊಡವಿಕೊಂಡು ಹೋದರು.

ಅಪ್ಪ ಅರ ಹಿಡಿದುಕೊಂಡು ಬಂದು ನೋಡುತ್ತಾರೆ, ಭಾವ ಕೂತಿದ್ದಾರೆ. ಮಾವ ಯಂತ್ರ ನಿಲ್ಲಿಸಿದರು.

"ಮೊದಲಿನ ಎರಡು ಸರಿ. ಈ ಮೂರನೇದು ಯಾಕಯ್ಯ ಹಾಕಿದೆ?"

"ನೀವು ಹೊಡೀತಿದ್ರಲ್ಲ ಭಾವ. ಏನೋ ಕಾರಣ ಇರುತ್ತೆ ಅಂತ..."

ಮಾವ ಮೊದಲು ನಕ್ಕರು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅದು ಏಟಲ್ಲ ಕಣೋ. ಎರಡು ಹೊಡೆಯೋಷ್ಟರಲ್ಲಿ ಭುಜ ಹಿಡ್ಕೊಳ್ತಿತ್ತು. ಸುತ್ತಿಗೆ ಕೆಳಗಿಟ್ರೆ ಎಲ್ರಿಗೂ ಗೊತ್ತಾಗುತ್ತಲ್ಲ. ಅದಕ್ಕೆ ಅಡಿಗಲ್ಲಿನ ಮೇಲೆ ಹಾಗೇ ಬಿಟ್ಟು ಉಸಿರು ತಗೊಳ್ತಿದ್ದೆ."

ಅಪ್ಪನ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ನಾನು ನಿಮ್ಮ ನೋವನ್ನೂ ಇದಕ್ಕೆ ಕೂರಿಸಿಬಿಟ್ಟೆನಲ್ಲ ಭಾವ! ತೆಗೀತೀನಿ, ಈಗಲೇ ತೆಗೀತೀನಿ" ಎಂದು ಚಕ್ರಕ್ಕೆ ಕೈ ಹಾಕಿದರು.

"ಮುಟ್ಟಿದ್ರೆ ನೋಡು ಮತ್ತೆ! ಅದು ಉಸಿರು ತಗೊಳ್ಳೋ ಹೊತ್ತಲ್ಲೇ ನಾನು ಸಲಾಕೆ ಬದಲಾಯಿಸೋದು. ಅದನ್ನ ತೆಗೆದ್ರೆ ನಾನು ಪುನಃ ಮನೇಗೆ." ಆಮೇಲೆ ಮಾವ ಕೇಳಿದರು. "ನಿಂಗೆ ಗೊತ್ತಿತ್ತು, ಅಲ್ವಾ? ಕೈ ವಿಷಯ?"

ಅಪ್ಪನಿಗೆ ಸುಳ್ಳು ಹೇಳಲು ಆಗಲಿಲ್ಲ, ನಿಜ ಹೇಳುವ ಹಾಗೂ ಇರಲಿಲ್ಲ. ಎಣ್ಣೆ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಮುಖವೆಲ್ಲ ಮಸಿ. ನಾನೂ ಡಬ್ಬಿ ಹಿಡಿದುಕೊಂಡೇ ಅತ್ತುಬಿಟ್ಟೆ. ಮಾವ ಎದ್ದು ನಿಂತು, ಅಪ್ಪನ ಹೆಗಲ ಮೇಲೆ ಹಾಕಲೆಂದು ಬಲಗೈ ಎತ್ತಿದರು. ಅದು ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಅಪ್ಪ ಮಂಡಿ ಬಗ್ಗಿಸಿ, ತಮ್ಮ ಹೆಗಲನ್ನು ಆ ಕೈಯ ಕೆಳಗೆ ತಂದು ನಿಂತರು.